ಗಡಿಯ ವಿದ್ಯಾರ್ಥಿಯೂ ಸಮೀಪದ ವಿಶ್ವವಿದ್ಯಾನಿಲಯವೂ

(ಬೊಮ್ಮನಹಾಳಿನಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಸಂಘದ ವಾರ್ಷಿಕೋತ್ಸವವೆಂದರೆ ಕನ್ನಡ ನಾಡಿನ ಪೂರ್ವ ವೈಭವವನ್ನು ಕೊಂಡಾಡುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಈ ಸಲ ಕಾರ್ಯಕಾರಿ ಸಮಿತಿಯವರು ನಮಗೆ ವಹಿಸಿರುವ ಕೆಲಸ ಬೇರೆ. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸುವ ನಮ್ಮ ಮಕ್ಕಳು ಮುಂದೆ ಎಲ್ಲಿ ಓದಬೇಕು, ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಏರುವ ಮುನ್ನ ಅವರೂ ಅವರ ತಂದೆತಾಯಿಗಳೂ ಏನೇನನ್ನು ತಿಳಿದಿರಬೇಕು ಎಂಬುದನ್ನು ಕುರಿತು ನಾಲ್ಕು ಮಾತನ್ನು ಹೇಳಬೇಕೆಂದು ಅವರು ಅಪ್ಪಣೆ ಮಾಡಿದ್ದಾರೆ. ವಿಷಯ ಸ್ವಲ್ಪ ಒಣದಾಗಿ ತೋರಬಹುದು. ಆದರೂ ಈ ಸಭೆಯಲ್ಲಿ ಕುಳಿತಿರುವ ಮನೆಗಳಲ್ಲಿ ಮಕ್ಕಳ ಓದಿನ ಚಿಂತೆಯಿಲ್ಲದ ಮನೆ ಒಂದೂ ಇರಲಾರದೆಂದು ನಂಬಿ, ಅವರ ಅಪ್ಪಣೆಯನ್ನು ಪಾಲಿಸುತ್ತಿದ್ದೇವೆ.

ಮೊದಲು ನಮ್ಮ ಸ್ಥಿತಿಯನ್ನು ನೋಡಿಕೊಳ್ಳೋಣ. ಹಗರಿಯ ಮರಳಿನ ಪಕ್ಕದಲ್ಲಿ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ಆಸರೆಯಲ್ಲಿ ಬಾಳುತ್ತಿರುವ ನಮಗೆ ಬಳ್ಳಾರಿ ಹತ್ತಿರ, ಅನಂತಪುರ ದೂರ. ಮದುವೆಯ ಜವಳಿಗೂ ದೊಡ್ಡ ಆಸ್ಪತ್ರೆಗೂ ಬಳ್ಳಾರಿಗೆ ಹೋಗುತ್ತೇವೆ; ಸರ್ಕಾರದ ಕಾಗದಪತ್ರಕ್ಕೆ ಅನಂತಪುರಕ್ಕೆ ಹೋಗುತ್ತೇವೆ. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಹಳೆಯ ಬಳ್ಳಾರಿ ಜಿಲ್ಲೆಯು ಒಡೆಯಿತು. ಬಳ್ಳಾರಿಯೂ ಅದರ ನೆರೆಯ ತಾಲ್ಲೂಕುಗಳೂ ಮೈಸೂರು ರಾಜ್ಯಕ್ಕೆ ಸೇರಿದುವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವು. ಅವುಗಳಲ್ಲಿ ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಆ ಜಿಲ್ಲೆಯದೇ ಆಗಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಲ್ಲಿಯವರಿಗೆ ಶಿರಾ, ಮಧುಗಿರಿ, ತುಮಕೂರುಗಳೇ ನೆರೆಹೊರೆ. ಗಡಿಯ ಗೆರೆಯು ಭೂಪಟದಲ್ಲಿ ಎಳೆದುದು. ದಿನನಿತ್ಯದ ಬಾಳಿನಲ್ಲಿ ಅದು ಅಷ್ಟಾಗಿ ಕಾಣಿಸದು. ಆದರೆ ಮಗುವಿನ ಪ್ರವೇಶದ ಅರ್ಜಿಯನ್ನು ತುಂಬುವ ದಿನ ಮಾತ್ರ ಅದು ಎದ್ದು ಕಾಣುತ್ತದೆ.

ಈ ಗೆರೆಯ ಎರಡು ಪಕ್ಕಗಳಲ್ಲಿ ಎರಡು ವಿಶ್ವವಿದ್ಯಾನಿಲಯಗಳಿವೆ. ಅನಂತಪುರದಲ್ಲಿರುವುದು ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ. ಬಳ್ಳಾರಿಯಲ್ಲಿರುವುದು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ. ಒಬ್ಬನೇ ಅರಸನ ಹೆಸರನ್ನು ಎರಡು ರಾಜ್ಯಗಳೂ ತಮ್ಮ ತಮ್ಮ ವಿದ್ಯಾಮಂದಿರಕ್ಕೆ ಇಟ್ಟುಕೊಂಡಿವೆ. 1509ರಿಂದ 1529ರ ವರೆಗೆ ಆಳಿದ ಆ ದೊರೆಯು ತೆಲುಗಿನಲ್ಲಿ ಆಮುಕ್ತಮಾಲ್ಯದವನ್ನು ಬರೆದವನು. ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ಕನ್ನಡ ಶಾಸನವನ್ನು ಹಾಕಿಸಿದವನು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಆ ಹೆಸರು ಎರಡು ಕಡೆಯೂ ಪರಕೀಯವಲ್ಲ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ನಿಯಮವೂ ಒಂದೇ ಆಗದು. ಅರ್ಜಿಯನ್ನು ತುಂಬುವಾಗ ಹೆಸರನ್ನು ಪೂರ್ಣವಾಗಿ ಓದಿಕೊಳ್ಳುವುದೇ ಮೊದಲನೆಯ ಪಾಠ.

ಇವೆರಡರ ಹುಟ್ಟನ್ನೂ ತಿಳಿದಿರುವುದು ಲೇಸು. ತಿರುಪತಿಯಲ್ಲಿ 1954ರಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದರ ಸ್ನಾತಕೋತ್ತರ ಕೇಂದ್ರವೊಂದು 1968ರಲ್ಲಿ ಅನಂತಪುರದಲ್ಲಿ ತೆರೆಯಲ್ಪಟ್ಟು, 1981ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಬಳ್ಳಾರಿಯ ಕಥೆಯೂ ಹೀಗೆಯೇ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾನಿಲಯದ ಕೇಂದ್ರಗಳು ಬಳ್ಳಾರಿಯಲ್ಲಿಯೂ ಸಂಡೂರಿನ ಬಳಿಯ ನಂದಿಹಳ್ಳಿಯಲ್ಲಿಯೂ ಇದ್ದುವು; ಅವುಗಳ ಬುನಾದಿಯ ಮೇಲೆ 2010ರಲ್ಲಿ ಇಂದಿನ ವಿಶ್ವವಿದ್ಯಾನಿಲಯವು ಎದ್ದಿತು. ಎರಡೂ ಬೇರೊಂದು ದೊಡ್ಡ ಮರದ ಬಿಳಲಿನಂತೆ ಇಳಿದು, ತಮ್ಮ ನೆಲದಲ್ಲಿ ಬೇರೂರಿದವು.

ಇಂತಹ ಪ್ರಾದೇಶಿಕ ವಿಶ್ವವಿದ್ಯಾನಿಲಯವೆಂದರೆ ಕೆಲವರಿಗೆ ಸ್ವಲ್ಪ ತಾತ್ಸಾರ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಓದಿದರೆ ಮಾತ್ರ ಓದು ಎಂಬ ಭಾವನೆ ಬೆಳೆದಿದೆ. ಇಂಗ್ಲೆಂಡಿನಲ್ಲಿಯೂ ಒಮ್ಮೆ ಹೀಗೆಯೇ ಇದ್ದಿತು. ಆಕ್ಸ್‌ಫರ್ಡು, ಕೇಂಬ್ರಿಜ್‌ಗಳೇ ವಿದ್ಯೆಯ ತವರೆಂದು ತಿಳಿದಿದ್ದ ಆ ದೇಶದಲ್ಲಿ, ಕೈಗಾರಿಕೆಯ ಊರುಗಳಾದ ಬರ್ಮಿಂಗ್‌ಹ್ಯಾಮಿಗೆ 1900ರಲ್ಲಿಯೂ ಲೀಡ್ಸಿಗೆ 1904ರಲ್ಲಿಯೂ ಶೆಫೀಲ್ಡಿಗೆ 1905ರಲ್ಲಿಯೂ ತಮ್ಮವೇ ಆದ ವಿಶ್ವವಿದ್ಯಾನಿಲಯಗಳು ದೊರೆತುವು. ಶೆಫೀಲ್ಡಿನ ಉಕ್ಕಿನ ಕಾರ್ಖಾನೆಯ ಕೆಲಸಗಾರರೂ ಕಲ್ಲಿದ್ದಲ ಗಣಿಯವರೂ ಒಂದೊಂದು ಪೆನ್ನಿಯ ಚಂದಾ ಕೊಟ್ಟು ಆ ಊರಿನ ವಿಶ್ವವಿದ್ಯಾನಿಲಯಕ್ಕೆ ನೆರವಾದರು. ಶೆಫೀಲ್ಡಿನಲ್ಲಿ ಲೋಹಶಾಸ್ತ್ರ, ಲೀಡ್ಸಿನಲ್ಲಿ ನೆಯ್ಗೆ ಮತ್ತು ಚರ್ಮದ ಶಾಸ್ತ್ರ, ಹೀಗೆ ಊರಿನ ಕಸುಬೇ ಅಲ್ಲಿಯ ವಿದ್ಯೆಯೂ ಆಯಿತು. ಸುತ್ತಮುತ್ತಲಿನ ಮನೆಗಳ ಮಕ್ಕಳು ಮನೆಯ ಊಟ ಮಾಡಿಕೊಂಡೇ ಅಲ್ಲಿ ಓದಿದರು. ಇಂದು ಆ ವಿದ್ಯಾಲಯಗಳನ್ನು ಕೀಳೆಂದು ಹೇಳುವವರು ಯಾರೂ ಇಲ್ಲ.

ನಮ್ಮಲ್ಲಿಯೂ ಅಂತಹ ದೃಷ್ಟಾಂತವುಂಟು. ನಂದಿಹಳ್ಳಿಯ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಒಂದು ಶಾಸ್ತ್ರವಾಗಿ ಕಲಿಸುತ್ತ ಬಂದಿದ್ದಾರೆ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ, ನಮ್ಮ ಡಿ. ಹಿರೇಹಾಳಿನ ಕಡೆಯ ಓಬಳಾಪುರದ ಗುಡ್ಡದಲ್ಲಿಯೂ ಇದೆ. ಆ ಅದಿರನ್ನು ಅಗೆಯುವ ಕೂಲಿಯಾಗಿಯೇ ನಮ್ಮ ಹುಡುಗನು ಉಳಿಯಬೇಕೋ, ಅದನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಿಲ್ಲಬೇಕೋ ಎಂಬುದು ಇಂತಹ ಓದಿನಿಂದ ನಿರ್ಧಾರವಾಗುತ್ತದೆ. ಆದುದರಿಂದ ಸಮೀಪದ ವಿಶ್ವವಿದ್ಯಾನಿಲಯವನ್ನು ಸಮೀಪವೆಂಬ ಕಾರಣಕ್ಕಾಗಿ ಹಗುರವಾಗಿ ಕಾಣಬಾರದು. ಅಲ್ಲಿ ಯಾವ ವಿಷಯವನ್ನು ಚೆನ್ನಾಗಿ ಕಲಿಸುತ್ತಾರೆ ಎಂಬುದನ್ನು ಅಲ್ಲಿ ಓದಿ ಬಂದವರಿಂದಲೇ ಕೇಳಿ ತಿಳಿಯಬೇಕು.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಬೇಕಾಗಿದೆ. ವಿಶ್ವವಿದ್ಯಾನಿಲಯವೆಂದರೆ ಒಂದು ಕಟ್ಟಡವಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವಿಗಳನ್ನು ಬಹುಮಟ್ಟಿಗೆ ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಓದುತ್ತಾರೆ. ವಿಶ್ವವಿದ್ಯಾನಿಲಯವು ಪಠ್ಯಕ್ರಮವನ್ನು ಗೊತ್ತುಮಾಡಿ, ಪರೀಕ್ಷೆಯನ್ನು ನಡೆಸಿ, ಪದವಿಯನ್ನು ಕೊಡುತ್ತದೆ. ಎಂ.ಎ., ಎಂ.ಎಸ್ಸಿ. ಮುಂತಾದ ಉನ್ನತ ವ್ಯಾಸಂಗಕ್ಕೆ ಹೆಚ್ಚಾಗಿ ಅದರ ಆವರಣಕ್ಕೆ ಹೋಗಬೇಕಾಗುತ್ತದೆ. ಅನಂತಪುರದ ಸರ್ಕಾರಿ ಕಲಾಶಾಲೆಯು 1916ರಿಂದ ಇದೆ, ಡಾ. ರಾಧಾಕೃಷ್ಣನ್ನರು ಪಾಠ ಹೇಳಿದ ಸ್ಥಳವದು. ಬಳ್ಳಾರಿಯ ವೀರಶೈವ ಕಾಲೇಜು 1945ರದು. ಇವು ವಿಶ್ವವಿದ್ಯಾನಿಲಯಗಳಿಗಿಂತ ಹಿರಿಯವು. ಆದುದರಿಂದ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯದ ಹೆಸರನ್ನು ಮಾತ್ರ ಕೇಳದೆ, ತಾನು ಸೇರುವ ಕಾಲೇಜಿನಲ್ಲಿ ತನ್ನ ವಿಷಯಕ್ಕೆ ಅಧ್ಯಾಪಕರಿದ್ದಾರೆಯೇ, ಗ್ರಂಥಾಲಯವಿದೆಯೇ, ಎರಡನೆಯ ಭಾಷೆಯಾಗಿ ಕನ್ನಡವನ್ನು ತೆಗೆದುಕೊಳ್ಳಲು ಅವಕಾಶವಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು.

ಇನ್ನು ಈ ದಿನದ ಮಾತಿನ ತಿರುಳಿಗೆ ಬರುತ್ತೇವೆ. ತಾಯಂದಿರೂ ಹಿರಿಯರೂ ಇದನ್ನು ಗಮನವಿಟ್ಟು ಕೇಳಬೇಕೆಂದು ಪ್ರಾರ್ಥನೆ.

ಆಂಧ್ರಪ್ರದೇಶದಲ್ಲಿ 1974ರ ರಾಷ್ಟ್ರಪತಿಗಳ ಆದೇಶವೊಂದು ಉಂಟು. ಅದರ ಪ್ರಕಾರ ವಿಶ್ವವಿದ್ಯಾನಿಲಯಗಳ ಮತ್ತು ಕಾಲೇಜುಗಳ ಸ್ಥಾನಗಳಲ್ಲಿ ನೂರಕ್ಕೆ 85ರಷ್ಟು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ನಾವು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯದ ಪ್ರದೇಶವೆಂದು ಕರೆಯಲ್ಪಡುವ ಭಾಗಕ್ಕೆ ಸೇರಿದವರು. ಆದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ, ಇಲ್ಲಿ ಹೊಲಮನೆ ಇದ್ದ ಮಾತ್ರಕ್ಕೆ ಒಬ್ಬನು ಸ್ಥಳೀಯನೆನಿಸುವುದಿಲ್ಲ. ಅರ್ಹತಾ ಪರೀಕ್ಷೆಯನ್ನು ಬರೆಯುವ ವರ್ಷದಿಂದ ಹಿಂದಕ್ಕೆ ಎಣಿಸಿದರೆ ಎಡೆಬಿಡದ ನಾಲ್ಕು ವರ್ಷ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಓದಿರಬೇಕು ಎಂಬುದು ಅದರ ಮುಖ್ಯ ನಿಯಮ. ಪದವಿ ತರಗತಿಗೆ ಅರ್ಹತಾ ಪರೀಕ್ಷೆಯು ಇಂಟರ್‌ಮೀಡಿಯೆಟ್. ಹಾಗಾದರೆ ಒಂಬತ್ತು, ಹತ್ತು ಮತ್ತು ಇಂಟರಿನ ಎರಡು ವರ್ಷ, ಈ ನಾಲ್ಕನ್ನೂ ಗಡಿಯ ಈಚೆಯೇ ಓದಿರಬೇಕೆಂದಾಯಿತು.

ಅತ್ತ ಕರ್ನಾಟಕದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಮೊದಲಾದ ವೃತ್ತಿ ಶಿಕ್ಷಣದ ಸರ್ಕಾರಿ ಸ್ಥಾನಗಳಿಗೆ ಬೇರೊಂದು ಲೆಕ್ಕ. ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ಯ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಗಡಿನಾಡ ಕನ್ನಡಿಗರಿಗೆ ವಿನಾಯಿತಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿಗಳಲ್ಲಿ ಆ ವಿನಾಯಿತಿಗೆ ಹೆಸರಿಸಿರುವ ತಾಲ್ಲೂಕುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಆ ಪಟ್ಟಿಯಲ್ಲಿ ರಾಯದುರ್ಗವಿಲ್ಲ, ಮಡಕಶಿರಾ ಇಲ್ಲ. ಮಹಾರಾಷ್ಟ್ರ, ಕೇರಳಗಳೊಡನೆ ಇದ್ದ ಗಡಿಯ ವ್ಯಾಜ್ಯವನ್ನು ಮಹಾಜನ ಆಯೋಗವು ವಿಚಾರಿಸಿ 1967ರಲ್ಲಿ ವರದಿಯನ್ನು ಕೊಟ್ಟಿತು. ನಮ್ಮ ಗಡಿ ಆ ವಿಚಾರಣೆಯೊಳಗೆ ಬಂದುದೇ ಇಲ್ಲ. ಕನ್ನಡವನ್ನಾಡುವುದರಲ್ಲಿ ನಾವು ಅವರಿಗಿಂತ ಕಡಿಮೆಯಲ್ಲದಿದ್ದರೂ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಹೊರನಾಡ ಕನ್ನಡಿಗರೆಂಬ ಇನ್ನೊಂದು ವರ್ಗವೂ ಉಂಟು. ಅದರಡಿ ಅರ್ಜಿ ಹಾಕುವವರು ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕು. ಅದರ ಷರತ್ತುಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಸಾಲುಸಾಲಾಗಿ ಓದಿಯೇ ಮುಂದುವರಿಯತಕ್ಕದ್ದು; ನೆರೆಮನೆಯವರ ಮಾತನ್ನು ನಂಬಿ ಹೋಗತಕ್ಕದ್ದಲ್ಲ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಕಣೇಕಲ್ಲಿನ ಕಡೆಯ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳಿ. ಹತ್ತನೆಯ ತರಗತಿಯನ್ನು ಊರ ಕನ್ನಡ ಶಾಲೆಯಲ್ಲಿ ಒಳ್ಳೆಯ ಅಂಕಗಳಿಂದ ಮುಗಿಸಿದಳು. ಬಳ್ಳಾರಿ ಹತ್ತಿರ, ಅಲ್ಲಿ ಸೋದರಮಾವನ ಮನೆ ಇದೆ, ಕನ್ನಡದಲ್ಲಿಯೇ ವ್ಯವಹಾರ ಎಂದು ಪಿ.ಯು.ಸಿ.ಗೆ ಅಲ್ಲಿಗೆ ಕಳುಹಿಸಿದರು. ಎರಡು ವರ್ಷವೂ ಚೆನ್ನಾಗಿ ಓದಿದಳು. ಇಂಜಿನಿಯರಿಂಗ್ ಸೇರಬೇಕೆಂದು ಕರ್ನಾಟಕದಲ್ಲಿ ಕೇಳಿದರೆ, ಏಳು ವರ್ಷ ಎಲ್ಲಿ ಎಂದು ಕೇಳುತ್ತಾರೆ. ಅವಳ ಬಳಿ ಇರುವುದು ಎರಡೇ. ಆಂಧ್ರಕ್ಕೆ ಮರಳಿ ಅನಂತಪುರದಲ್ಲಿ ಕೇಳಿದರೆ, ಕೊನೆಯ ನಾಲ್ಕು ವರ್ಷ ಎಲ್ಲಿ ಎಂದು ಕೇಳುತ್ತಾರೆ. ಅವುಗಳಲ್ಲಿ ಎರಡು ಬಳ್ಳಾರಿಯವು. ತಾತ ಮುತ್ತಾತಂದಿರ ಕಾಲದಿಂದ ಇದೇ ಮಣ್ಣಿನಲ್ಲಿ ಬಾಳಿದ ಮನೆಯ ಮಗಳು ಇಲ್ಲಿಯೂ ಸ್ಥಳೀಯಳಲ್ಲ, ಅಲ್ಲಿಯೂ ಸ್ಥಳೀಯಳಲ್ಲ. ಉಳಿದ ನೂರಕ್ಕೆ 15ರಷ್ಟು ಸ್ಥಾನಗಳಿಗೆ ಎಲ್ಲರೊಡನೆ ಸ್ಪರ್ಧಿಸಬೇಕು, ಇಲ್ಲವೆ ಹೆಚ್ಚು ಶುಲ್ಕದ ಖಾಸಗಿ ಸ್ಥಾನವನ್ನು ಹುಡುಕಬೇಕು. ಇದರಲ್ಲಿ ಅವಳ ಬುದ್ಧಿಯ ಕೊರತೆ ಏನೂ ಇಲ್ಲ. ಲೆಕ್ಕವನ್ನು ಮುಂಚಿತವಾಗಿ ಹಾಕದೆ ಹೋದ ಹಿರಿಯರ ಕೊರತೆ ಅದು.

ಆದಕಾರಣ ನಾವು ಒತ್ತಿ ಹೇಳುವ ಮಾತು ಇದೊಂದೇ: ವಿಶ್ವವಿದ್ಯಾನಿಲಯವನ್ನು ಆರಿಸುವ ಕಾಲವು ಪದವಿಯ ಬಾಗಿಲಲ್ಲಿ ನಿಂತಾಗ ಬರುವುದಲ್ಲ. ಹತ್ತನೆಯ ತರಗತಿಯ ಫಲಿತಾಂಶವು ಬಂದ ದಿನವೇ ಆ ಕಾಲ ಬಂದಿರುತ್ತದೆ. ಅಂದು ಮನೆಯವರೆಲ್ಲ ಕುಳಿತು, ಈ ಮಗು ಮುಂದೆ ಏನಾಗಬೇಕೆಂದಿದೆ, ಅದಕ್ಕೆ ಯಾವ ರಾಜ್ಯದ ದಾರಿ ನೇರವಾಗಿದೆ ಎಂಬುದನ್ನು ಆಲೋಚಿಸಬೇಕು. ವೃತ್ತಿ ಶಿಕ್ಷಣವನ್ನು ಬಯಸುವ ಮಗುವಿಗೆ ಇಂಟರನ್ನು ಈಚೆಯೇ ಮುಗಿಸುವುದು ಸಾಮಾನ್ಯವಾಗಿ ಕ್ಷೇಮ. ಅನಂತಪುರದಲ್ಲಿ 1946ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿನಿಂದ ಬೆಳೆದು 2008ರಲ್ಲಿ ರೂಪುಗೊಂಡ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾನಿಲಯವಿದೆ. ಅದರ ಸ್ಥಾನಗಳಲ್ಲಿ ನಮ್ಮ ಪಾಲನ್ನು ನಾವೇ ಬಿಟ್ಟುಕೊಡಬಾರದು. ಕನ್ನಡ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳಂತಹ ಸಾಮಾನ್ಯ ಪದವಿಗಳನ್ನು ಬಯಸುವವರಿಗೆ ಬಳ್ಳಾರಿಯ, ತುಮಕೂರಿನ ಅಥವಾ ದಾವಣಗೆರೆಯ ದಾರಿಯೂ ತೆರೆದಿದೆ. ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿಯೂ ದಾವಣಗೆರೆಯದು 2009ರಲ್ಲಿಯೂ ಪ್ರಾರಂಭವಾದುವು. ಅಂತಹವರು ಬೇರೆ ರಾಜ್ಯದ ಮಂಡಲಿಯಿಂದ ಬಂದವರಾದುದರಿಂದ ವಲಸೆ ಪ್ರಮಾಣಪತ್ರವನ್ನೂ ವಿಶ್ವವಿದ್ಯಾನಿಲಯದ ಅರ್ಹತಾ ಪ್ರಮಾಣಪತ್ರವನ್ನೂ ಸಕಾಲದಲ್ಲಿ ಪಡೆಯಬೇಕು.

ಇವೆರಡಲ್ಲದೆ ಮೂರನೆಯ ಬಾಗಿಲೊಂದು ಇದೆ. ಅದನ್ನು ನಮ್ಮ ಜನ ಇನ್ನೂ ಅಷ್ಟಾಗಿ ಅರಿತಿಲ್ಲ. ಕೇಂದ್ರ ಸರ್ಕಾರದ ವಿಶ್ವವಿದ್ಯಾನಿಲಯಗಳಿಗೆ ಸಾಮಾನ್ಯವಾಗಿ ಈ ರಾಜ್ಯ ಆ ರಾಜ್ಯ ಎಂಬ ಎಣಿಕೆ ಇಲ್ಲ. ಅನಂತಪುರದಲ್ಲಿಯೇ ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾನಿಲಯವು 2018ರಲ್ಲಿ ತರಗತಿಗಳನ್ನು ಪ್ರಾರಂಭಿಸಿತು; ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವು 2009ರದು. ಇವುಗಳ ಪದವಿ ಪ್ರವೇಶಕ್ಕೆ 2022ರಿಂದ ದೇಶಕ್ಕೆಲ್ಲ ಸಾಮಾನ್ಯವಾದ ಪರೀಕ್ಷೆಯೊಂದು ನಡೆಯುತ್ತಿದ್ದು, ಅದನ್ನು ಬರೆಯಲು ಅವಕಾಶವಿರುವ 13 ಭಾಷೆಗಳಲ್ಲಿ ಕನ್ನಡವೂ ಒಂದಾಗಿದೆ. ಗಡಿಯ ಗೆರೆಯಿಂದ ತೊಂದರೆಗೀಡಾಗುವ ಮಗುವಿಗೆ ಇದಕ್ಕಿಂತ ಅನುಕೂಲವಾದ ಬಾಗಿಲು ಮತ್ತೊಂದಿಲ್ಲ. ಆಂಧ್ರದ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎ., ಎಂ.ಎಸ್ಸಿ.ಗಳಿಗೆ ಸೇರುವವರು ಮಾತ್ರ 2021ರಿಂದ ಬಂದಿರುವ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು.

ಜಾತಿಯ ಪ್ರಮಾಣಪತ್ರದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಮೀಸಲಾತಿಯ ಪಟ್ಟಿಗಳು ರಾಜ್ಯ ರಾಜ್ಯಕ್ಕೆ ಬೇರೆ. ಬಳ್ಳಾರಿಯಲ್ಲಿ ನಾಯಕ, ವಾಲ್ಮೀಕಿ ಜನಾಂಗವು ಪರಿಶಿಷ್ಟ ಪಂಗಡಕ್ಕೆ ಸೇರಿದೆ. ಅವರದೇ ನಂಟರಾದ ನಮ್ಮ ಕಡೆಯ ವಾಲ್ಮೀಕಿ ಬೋಯರು ಆಂಧ್ರದ ಪಟ್ಟಿಯಲ್ಲಿ ಹಿಂದುಳಿದ ವರ್ಗದಲ್ಲಿದ್ದಾರೆ. ಹೆಣ್ಣು ಕೊಟ್ಟು ತರುವ ಮನೆಗಳ ನಡುವೆಯೇ ಈ ವ್ಯತ್ಯಾಸ. ಒಂದು ರಾಜ್ಯದ ಪ್ರಮಾಣಪತ್ರದಿಂದ ಇನ್ನೊಂದು ರಾಜ್ಯದ ಮೀಸಲು ಸ್ಥಾನವನ್ನು ಪಡೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿಯೇ ತೀರ್ಮಾನಿಸಿದೆ. ಇದನ್ನು ತಿಳಿಯದೆ ನೆರೆಯೂರಿನ ನಂಟರ ಮಗನಿಗೆ ಸಿಕ್ಕಿದ್ದು ತಮ್ಮ ಮಗನಿಗೂ ಸಿಕ್ಕೀತೆಂದು ಹೋದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಶುಲ್ಕದ ನೆರವೂ ಅಂತೆಯೇ. ಆಂಧ್ರ ಸರ್ಕಾರವು ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳಿಂದ ನಡೆಸುತ್ತ ಬಂದಿರುವ ಶುಲ್ಕ ಮರುಪಾವತಿಯು ಮುಖ್ಯವಾಗಿ ಇಲ್ಲಿಯ ಸಂಸ್ಥೆಗಳಲ್ಲಿ ಓದುವವರಿಗೆ. ಗಡಿ ದಾಟುವ ಮುನ್ನ ಖರ್ಚಿನ ಲೆಕ್ಕವನ್ನು ಈ ದೃಷ್ಟಿಯಿಂದಲೂ ಹಾಕಿಕೊಳ್ಳಬೇಕು.

ಇನ್ನು ಬೋಧನ ಮಾಧ್ಯಮ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ವಿಜ್ಞಾನದ ತರಗತಿಯಲ್ಲಿ ಕುಳಿತಾಗ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅಧ್ಯಾಪಕರ ವಿವರಣೆ ತೆಲುಗಿನಲ್ಲಿ. ಮೊದಲ ಆರು ತಿಂಗಳಲ್ಲಿಯೇ ತಾನು ದಡ್ಡನೆಂದು ಅದು ತೀರ್ಮಾನಿಸಿಕೊಂಡುಬಿಡುತ್ತದೆ. ದಡ್ಡತನವಲ್ಲ ಅದು, ಶಬ್ದದ ತೊಡಕು. ದ್ಯುತಿಸಂಶ್ಲೇಷಣೆ ಏನೆಂಬುದನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲ ಹುಡುಗನಿಗೆ ಅದರ ಇಂಗ್ಲಿಷ್ ಹೆಸರೊಂದೇ ಹೊಸದು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬಳಿಕ ದೊರೆಯುವ ಎರಡು ತಿಂಗಳ ರಜೆಯಲ್ಲಿ, ತನ್ನ ಹಳೆಯ ವಿಜ್ಞಾನ ಮತ್ತು ಗಣಿತದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಪಾರಿಭಾಷಿಕ ಪದದ ಎದುರು ಇಂಗ್ಲಿಷ್ ಪದವನ್ನು ಬರೆದು ಒಂದು ನೋಟುಪುಸ್ತಕವನ್ನು ಸಿದ್ಧಪಡಿಸಿಕೊಂಡರೆ, ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ನಮ್ಮ ಉಪಾಧ್ಯಾಯರು ಇದಕ್ಕೆ ಮನಸ್ಸು ಮಾಡಿದರೆ ಸಂಘದ ಕೊಠಡಿಯಲ್ಲಿಯೇ ಅಂತಹ ತರಗತಿಯನ್ನು ನಡೆಸಬಹುದು. ತೆಲುಗನ್ನು ಓದಲು ಬರೆಯಲು ಕಲಿಯುವುದರಿಂದ ಕನ್ನಡಕ್ಕೆ ಕುಂದಿಲ್ಲವೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಲಿಪಿಗಳು ಅಕ್ಕತಂಗಿಯರಂತಿವೆ, ಒಂದನ್ನು ಬಲ್ಲವನಿಗೆ ಮತ್ತೊಂದು ಕೆಲವು ವಾರಗಳ ಕೆಲಸ.

ಕನ್ನಡದಲ್ಲಿಯೇ ಉನ್ನತ ವ್ಯಾಸಂಗ ಮಾಡಬಯಸುವವರಿಗೂ ದಾರಿಯುಂಟು. 1956ರಿಂದ 1960ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕುವೆಂಪು ಅವರು ಕಾಲೇಜಿನ ತರಗತಿಗಳಿಗೆ ಕನ್ನಡವನ್ನು ತರಲು ಶ್ರಮಿಸಿದರು. ಕನ್ನಡದಲ್ಲಿ ಪಠ್ಯಗ್ರಂಥಗಳು ಸಿದ್ಧವಾದುವು. ಇಂದು ಕರ್ನಾಟಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರದಂತಹ ವಿಷಯಗಳನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವ ಅವಕಾಶವಿರುವುದಕ್ಕೆ ಆ ಪರಿಶ್ರಮವೇ ತಳಹದಿ. ಹಂಪೆಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾನಿಲಯವು ಸಂಶೋಧನೆಗೆ ಮೀಸಲಾದುದು. ನಮ್ಮ ಹಳ್ಳಿಗಳ ಶಾಸನ, ಜನಪದ ಗೀತೆ, ಆಡುಮಾತುಗಳನ್ನು ಕುರಿತು ಸಂಶೋಧಿಸುವ ಮಗುವಿಗೆ ಅದು ಸರಿಯಾದ ಸ್ಥಳ. ಇನ್ನು ಆಂಧ್ರದೊಳಗೇ ಇದ್ದುಕೊಂಡು ಕನ್ನಡವನ್ನು ಓದಬೇಕೆನ್ನುವವರಿಗೆ ಕುಪ್ಪಂ ಪಟ್ಟಣದ ದ್ರಾವಿಡ ವಿಶ್ವವಿದ್ಯಾನಿಲಯವಿದೆ. 1997ರಲ್ಲಿ ಆಂಧ್ರಪ್ರದೇಶ ಸರ್ಕಾರವು ನೆರೆಯ ರಾಜ್ಯಗಳ ಸಹಕಾರದಿಂದ ಅದನ್ನು ಸ್ಥಾಪಿಸಿತು. ಅಲ್ಲಿ ಕನ್ನಡ ಭಾಷೆ ಮತ್ತು ಅನುವಾದ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವಿದೆ.

ಕಾಗದಪತ್ರಗಳ ವಿಷಯದಲ್ಲಿ ಎರಡು ಮಾತು. ಶಾಲೆಯನ್ನು ಬಿಡುವಾಗ ಟಿ.ಸಿ. ಒಂದನ್ನೇ ತಂದರೆ ಸಾಲದು. ಆಂಧ್ರದಲ್ಲಿ ಉದ್ಯೋಗದ ಅರ್ಜಿಗೆ ನಾಲ್ಕನೆಯ ತರಗತಿಯಿಂದ ಹತ್ತನೆಯ ತರಗತಿಯ ವರೆಗಿನ ಸ್ಟಡಿ ಸರ್ಟಿಫಿಕೇಟುಗಳನ್ನು ಕೇಳುವ ರೂಢಿಯಿದೆ. ಮುಂದೆ ಎಂದೋ ಶಾಲೆ ಮುಚ್ಚಿ, ದಾಖಲೆ ಬೇರೆಡೆಗೆ ಹೋದ ಮೇಲೆ ಅಲೆಯುವುದಕ್ಕಿಂತ ಈಗಲೇ ಮುಖ್ಯೋಪಾಧ್ಯಾಯರಿಂದ ಪಡೆದಿಟ್ಟುಕೊಳ್ಳುವುದು ಜಾಣತನ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಗಳು ಎಲ್ಲ ಪತ್ರಗಳಲ್ಲಿಯೂ ಒಂದೇ ರೀತಿ ಇವೆಯೇ ಎಂದು ನೋಡಬೇಕು. ಒಂದೆಡೆ ಕನ್ನಡದ ರೀತಿಯಲ್ಲಿ, ಇನ್ನೊಂದೆಡೆ ತೆಲುಗಿನ ರೀತಿಯಲ್ಲಿ ಬರೆದ ಹೆಸರು ಗಡಿಯ ಮಕ್ಕಳಿಗೆ ಮಾತ್ರ ಬರುವ ತೊಂದರೆ. ಯಾವುದಾದರೂ ಸಂಸ್ಥೆಯು ಮನೆಯ ಬಾಗಿಲಿಗೆ ಬಂದು ಸುಲಭವಾಗಿ ಪದವಿ ಕೊಡುತ್ತೇವೆಂದರೆ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮನ್ನಣೆ ಅದಕ್ಕಿದೆಯೇ ಎಂದು ಪರೀಕ್ಷಿಸದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಹುಸಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆ ಆಯೋಗವೇ ಪ್ರಕಟಿಸುತ್ತದೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ವಿಜ್ಞಾಪನೆ. ದೂರಕ್ಕೆ ಕಳುಹಿಸಲು ನಿಮಗಿರುವ ಹಿಂಜರಿಕೆಯನ್ನು ನಾವು ಬಲ್ಲೆವು. ಆದರೆ ಬೇಡವೆನ್ನುವ ಮುನ್ನ ಒಂದು ದಿನದ ಬಸ್ಸಿನ ಖರ್ಚನ್ನು ಮಾಡಿ, ಮಗಳನ್ನು ಕರೆದುಕೊಂಡು ಹೋಗಿ, ವಿದ್ಯಾರ್ಥಿನಿಯರ ನಿಲಯವನ್ನು ಕಣ್ಣಾರೆ ನೋಡಿ ಬನ್ನಿ. ಅಲ್ಲಿಯ ಊಟ, ನೀರು, ಕಾವಲು, ಕೊಠಡಿಗಳನ್ನು ನೋಡಿ, ಅಲ್ಲಿರುವ ಹುಡುಗಿಯರನ್ನು ಮಾತನಾಡಿಸಿ. ನೋಡಿದ ಮೇಲೆ ಬೇಡವೆಂದರೆ ಅದು ನಿರ್ಧಾರ. ನೋಡದೆಯೇ ಬೇಡವೆಂದರೆ ಅದು ಬರಿಯ ಭಯ. ಹುಡುಗನನ್ನು ಸೇರಿಸುವವರಿಗೂ ಇದೇ ಮಾತು ಸಲ್ಲುತ್ತದೆ.

ಕೊನೆಯದಾಗಿ, ಇಷ್ಟೆಲ್ಲ ಲೆಕ್ಕಾಚಾರ ಏತಕ್ಕೆಂಬುದನ್ನು ಹೇಳಿ ಮುಗಿಸುತ್ತೇವೆ. ರಾಯದುರ್ಗ, ಬೊಮ್ಮನಹಾಳ್, ಡಿ. ಹಿರೇಹಾಳು, ಮಡಕಶಿರಾ, ಅಗಳಿ, ರೊಳ್ಳ ಮುಂತಾದ ಕಡೆಗಳಲ್ಲಿ ಕನ್ನಡ ಶಾಲೆಗಳು ಉಳಿದಿರುವುದು ಕೇವಲ ಸರ್ಕಾರದ ಆಜ್ಞೆಯಿಂದಲ್ಲ. ಕನ್ನಡದಲ್ಲಿ ಪಾಠ ಹೇಳಬಲ್ಲ ಉಪಾಧ್ಯಾಯರು ದೊರೆತುದರಿಂದ. ಆಂಧ್ರಪ್ರದೇಶದ ಉಪಾಧ್ಯಾಯರ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಆರಿಸಿಕೊಳ್ಳುವ ಅವಕಾಶವಿದೆ. ಕನ್ನಡ ಮಾಧ್ಯಮದ ಹುದ್ದೆಗಳಿಗೂ ಕರೆ ಬರುತ್ತದೆ. ಆ ಹುದ್ದೆಗೆ ತಕ್ಕ ಪದವಿಯೂ ಸ್ಥಳೀಯತೆಯ ದಾಖಲೆಯೂ ಎರಡೂ ಇರುವ ಅಭ್ಯರ್ಥಿ ನಮ್ಮ ಮನೆಗಳಿಂದಲೇ ಬರಬೇಕು. ಬರದಿದ್ದರೆ ಹುದ್ದೆ ಖಾಲಿ ಉಳಿಯುತ್ತದೆ. ಹುದ್ದೆ ಖಾಲಿ ಉಳಿದರೆ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ. ಮಕ್ಕಳಿಲ್ಲದ ಶಾಲೆಯನ್ನು ಯಾವ ಸರ್ಕಾರವೂ ಬಹುಕಾಲ ನಡೆಸದು. ವಿಶ್ವವಿದ್ಯಾನಿಲಯದ ಪ್ರವೇಶವೆಂಬುದು ಒಂದು ಮನೆಯ ಏಳಿಗೆಯ ವಿಷಯ ಮಾತ್ರವಲ್ಲ, ಊರ ಕನ್ನಡ ಶಾಲೆಯ ಆಯುಷ್ಯದ ವಿಷಯವೂ ಆಗಿದೆ ಎಂದು ನಾವು ಹೇಳುವುದು ಈ ಕಾರಣದಿಂದ.

ಆದುದರಿಂದ ಸಂಘಕ್ಕೆ ನಮ್ಮದೊಂದು ಸಲಹೆ. ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಒಂದು ಸಂಜೆ ತಂದೆತಾಯಿಗಳನ್ನು ಕರೆಸಿ, ಎರಡು ರಾಜ್ಯಗಳ ಆ ವರ್ಷದ ಪ್ರವೇಶ ಕೈಪಿಡಿಗಳನ್ನು ಮುಂದಿಟ್ಟುಕೊಂಡು ಓದಿ ಹೇಳುವ ಏರ್ಪಾಡಾಗಲಿ. ನಿಯಮಗಳು ವರ್ಷವರ್ಷಕ್ಕೆ ಬದಲಾಗಬಹುದು. ಈ ದಿನ ನಾವು ಹೇಳಿದ್ದನ್ನು ಕೂಡ ಆ ಕೈಪಿಡಿಗಳೊಡನೆ ಸರಿನೋಡಿಕೊಳ್ಳತಕ್ಕದ್ದು. ಬಳ್ಳಾರಿಯಲ್ಲಿಯೂ ಅನಂತಪುರದಲ್ಲಿಯೂ ಈಗಾಗಲೇ ಓದುತ್ತಿರುವ ನಮ್ಮ ಊರಿನ ಹುಡುಗ ಹುಡುಗಿಯರನ್ನೂ ಅಂದು ಕರೆಸಿ ಕೂರಿಸಿಕೊಂಡರೆ ಇನ್ನೂ ಉತ್ತಮ. ಗಡಿಯ ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಮಕ್ಕಳು ಅದನ್ನು ಎಡವದಂತೆ ದಾರಿ ತೋರಿಸುವುದು ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ.